ಸಜ್ಜೆ ಹೊಲದ ಮಣ್ಣಲ್ಲಿ ಯಾರ್ಯಾರಿದ್ದಾರೆ? ಹೊದಿಕೆ, ಅಕ್ಕಡಿ ಸಾಲಿನಿಂದ ಅವರಿಗೆ ಸಿಗುವುದೇನು?

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿತ್ತು. ಅದೇ ವರ್ಷ ನಮ್ಮಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರು ಒಂದೇ ವರ್ಷದಲ್ಲಿ ಎರಡು ಮಾತು ಕೇಳಿದರು. ಸಜ್ಜೆ, ನವಣೆಗೆ ಬೇಡಿಕೆ ಬಂದಿದೆ, ಬೆಳೆಯಿರಿ ಎನ್ನುವುದು ಒಂದು. ಈ ಸಲ ಮಳೆ ಇಲ್ಲ ಎನ್ನುವುದು ಇನ್ನೊಂದು.

ಈಗ ಕೃಷಿ ಮೇಳಕ್ಕೆ ಹೋದರೂ, ತರಬೇತಿಗೆ ಹೋದರೂ ಒಂದು ಸಲಹೆ ಕಿವಿಗೆ ಬೀಳುತ್ತದೆ: ಮಲ್ಚಿಂಗ್ ಮಾಡಿ, ಅಂತರ ಬೆಳೆ ಹಾಕಿ, ಮಣ್ಣಿನ ಜೀವ ಉಳಿಸಿ. ಸರಿ, ಮಣ್ಣಿನ ಜೀವ ಅಂದರೆ ಏನು? ನೆಲದ ಮೇಲೆ ದಂಟು ಹರಡಿದರೆ, ಸಜ್ಜೆ ಪಕ್ಕ ತೊಗರಿ ಹಾಕಿದರೆ ಒಳಗಿರುವ ಕಣ್ಣಿಗೆ ಕಾಣದ ಜೀವಿಗಳಿಗೆ ಏನಾಗುತ್ತದೆ? ಇದನ್ನು ಬಿಡಿಸಿ ಹೇಳುವವರು ಕಡಿಮೆ. ಬುಡದಿಂದಲೇ ನೋಡೋಣ.

ಎರಡು ಪದ, ಎರಡೂ ಹಳೇ ಪರಿಚಯ

ಮಲ್ಚಿಂಗ್ ಅಂದರೆ ಮಣ್ಣಿಗೆ ಹೊದಿಕೆ ಹಾಕುವುದು. ಬೆಳೆ ಸಾಲುಗಳ ನಡುವಿನ ಬರಿ ನೆಲದ ಮೇಲೆ ದಂಟು, ಹುಲ್ಲು, ಎಲೆ ಹರಡಿ ಬಿಸಿಲು ನೇರವಾಗಿ ಬೀಳದಂತೆ ಮಾಡುವುದು. ಎರೆ ಹೊಲದವರಿಗೆ, ಅಂದರೆ ಕಪ್ಪು ಮಣ್ಣಿನವರಿಗೆ, ಇದರ ಇನ್ನೊಂದು ರೂಪ ಚೆನ್ನಾಗಿ ಗೊತ್ತು. ಹಿಂಗಾರಿ ಜೋಳದಲ್ಲಿ ನೆಲ ಬಿರಿಯಲು ಶುರುವಾದ ಕೂಡಲೇ ಎಡೆ ಕುಂಟೆ ಹೊಡೆದು ಬಿರುಕು ಮುಚ್ಚುತ್ತಾರಲ್ಲ, ಆಗ ಮೇಲೆ ನಿಲ್ಲುವ ಪುಡಿ ಮಣ್ಣಿನ ಪದರವೂ ಒಂದು ಹೊದಿಕೆಯೇ. ಕೆಳಗಿನ ಹಸಿ ಬೇಗ ಆರದಂತೆ ಅದು ತಡೆಯುತ್ತದೆ. ಆದರೆ ಮಣ್ಣಿನ ಜೀವಿಗಳಿಗೆ ತಿನ್ನಲು ಏನೂ ಕೊಡುವುದಿಲ್ಲ. ಕಲ್ಲಂಗಡಿ ಹೊಲಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯೂ ಅಷ್ಟೇ. ಹಾಗಾಗಿ ಇಲ್ಲಿ ಹೊದಿಕೆ ಅಂದಾಗಲೆಲ್ಲ ಕೊಳೆಯುವ ಹೊದಿಕೆ ಎಂದೇ ಓದಿಕೊಳ್ಳಿ.

ಅಂತರ ಬೆಳೆ ಅಂದರೆ ಮುಖ್ಯ ಬೆಳೆಯ ಸಾಲುಗಳ ನಡುವೆ ಇನ್ನೊಂದು ಬೆಳೆಯ ಸಾಲು. ಅಕ್ಕಡಿ ಸಾಲು ಅಂದರೆ ಎಲ್ಲರಿಗೂ ತಿಳಿಯುತ್ತದೆ. ಸಜ್ಜೆಯಲ್ಲಿ ತೊಗರಿ, ನವಣೆಯಲ್ಲಿ ಅಲಸಂದಿ ಅಥವಾ ಮಡಿಕೆ ಕಾಳು, ಹಿಂಗಾರಿ ಜೋಳದಲ್ಲಿ ಕಡಲೆ, ಹೊಲದ ಸುತ್ತ ಮುಳ್ಳಿನ ಕುಸುಬೆ. ಒಂದು ಬೆಳೆ ಹೋದರೆ ಇನ್ನೊಂದಾದರೂ ಕೈ ಹಿಡಿಯಲಿ ಎಂದು ಹಿರಿಯರು ಹಾಕಿದ ಲೆಕ್ಕ ಅದು. ಅದೇ ಸಾಲುಗಳ ಕೆಳಗೆ, ಬೇರಿನ ಸುತ್ತ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ.

ಒಂದು ಚಮಚ ಮಣ್ಣು

ಒಳ್ಳೆಯ ಹೊಲದ ಒಂದು ಚಹಾ ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳ ಜೊತೆ ಶಿಲೀಂಧ್ರಗಳು, ಅಂದರೆ ಬೂಸ್ಟು ಮತ್ತು ಅಣಬೆಯ ಜಾತಿಯವು. ತಿಪ್ಪೆಯ ಅಂಚಿನಲ್ಲಿ ಅರ್ಧ ಕೊಳೆತ ದಂಟು ಎತ್ತಿ ನೋಡಿ. ಕೆಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಾಣುತ್ತವೆ. ಅದೇ ಶಿಲೀಂಧ್ರದ ಮೈ. ಇವರಿಬ್ಬರೂ ಸತ್ತ ಬೇರು, ಎಲೆ, ದಂಟನ್ನು ಕರಗಿಸಿ ತಿನ್ನುತ್ತಾರೆ.

ಇವರನ್ನು ತಿನ್ನುವವರೂ ಇದ್ದಾರೆ. ಒಂದೇ ಕೋಶದ ಚಿಕ್ಕ ಜೀವಿಗಳು, ಕೂದಲಿಗಿಂತ ಸಣ್ಣ ದಾರದಂಥ ನೆಮಟೋಡ್ ಹುಳುಗಳು. ಬ್ಯಾಕ್ಟೀರಿಯಾದ ಮೈಯಲ್ಲಿ ಸಾರಜನಕ ಜಾಸ್ತಿ. ತಿನ್ನುವ ಜೀವಿಗೆ ಅಷ್ಟು ಬೇಕಾಗಿಲ್ಲ. ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ, ಬೇರು ಅದನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿ ಹಿಕ್ಕೆ ಬೀಳಿಸಿಕೊಳ್ಳುತ್ತೇವಲ್ಲ, ಹಾಗೆ. ಈ ಮಂದೆ ಮಾತ್ರ ನೆಲದೊಳಗೆ ಮೇಯುತ್ತದೆ. ಮಂದೆ ನಿಲ್ಲಬೇಕಾದರೆ ಮೇವು ಬೇಕು, ನೆರಳು ಬೇಕು, ನೀರು ಬೇಕು. ಮುಂದೆ ಹೇಳುವುದೆಲ್ಲ ಈ ಮೂರರ ಸುತ್ತಲೇ ಇದೆ.

ಕಣ್ಣಿಗೆ ಕಾಣುವವರಲ್ಲಿ ಎರೆಹುಳುವಿಗೆ ಹೆಸರು ದೊಡ್ಡದು. ಆದರೆ ನಮ್ಮ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಗಳಲ್ಲಿ ಮಳೆಗಾಲ ಬಿಟ್ಟರೆ ಅದು ಕಾಣುವುದೇ ಅಪರೂಪ. ನೆಲ ಒಣಗಿದಂತೆ ಎಷ್ಟೋ ಜಾತಿಯ ಎರೆಹುಳುಗಳು ಆಳಕ್ಕೆ ಇಳಿದು, ಸುರುಳಿ ಸುತ್ತಿಕೊಂಡು ಮಲಗಿಬಿಡುತ್ತವೆ. ಒಣಗಿದ ತಿಂಗಳುಗಳಲ್ಲಿ ದಂಟು ಕತ್ತರಿಸುವುದು, ನೆಲಕ್ಕೆ ತೂತು ಕೊರೆಯುವುದು, ಕೆಳಗಿನ ಮಣ್ಣು ಮೇಲೆ ತರುವುದು ಎಲ್ಲ ಗೆದ್ದಲಿನ ಪಾಲಿಗೆ ಬರುತ್ತದೆ. ಗೆದ್ದಲು ಕಂಡರೆ ನಮಗೆ ಸಿಟ್ಟು ಬರುತ್ತದೆ ನಿಜ. ಆದರೂ ಒಣ ಸೀಮೆಯ ಮಣ್ಣಿನಲ್ಲಿ ಅದರ ದುಡಿಮೆ ದೊಡ್ಡದು.

ಇಷ್ಟು ಜನ ಅಲ್ಲಿದ್ದಾರೆ ಎನ್ನುವುದಕ್ಕೆ ನಿಮ್ಮ ಮೂಗೇ ಸಾಕ್ಷಿ. ರೋಹಿಣಿ ಮಳೆಯ ಮೊದಲ ಹನಿ ಬಿದ್ದಾಗ ಬರುವ ಮಣ್ಣಿನ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ತಯಾರಿಸುವುದು ಮಣ್ಣಿನ ಬ್ಯಾಕ್ಟೀರಿಯಾಗಳು.

ಬೇಸಿಗೆಯಲ್ಲಿ ಅವರ ಪಾಡು

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 500ರಿಂದ 650 ಮಿಲಿಮೀಟರ್ ಮಳೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯ ಬಿಸಿಯೇ 40 ಡಿಗ್ರಿ ದಾಟುತ್ತದೆ. ಬರಿ ನೆಲದ ಮೇಲ್ಪದರ ಅದಕ್ಕಿಂತ ಜಾಸ್ತಿ ಕಾಯುತ್ತದೆ, 50 ಡಿಗ್ರಿ ಮೀರುವುದೂ ಉಂಟು. ಬರಿಗಾಲಲ್ಲಿ ಹೊಲ ದಾಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ಶಾಖದಲ್ಲಿ ಮೇಲಿನ ಒಂದೆರಡು ಇಂಚಿನ ಜೀವಿಗಳಲ್ಲಿ ಬಹಳಷ್ಟು ಸಾಯುತ್ತವೆ. ಉಳಿದವು ಗಟ್ಟಿ ಕವಚ ಕಟ್ಟಿಕೊಂಡು ಮಲಗುತ್ತವೆ.

ಮೊದಲ ಮಳೆಗೆ ಮಲಗಿದ್ದವು ಒಮ್ಮೆಲೇ ಏಳುತ್ತವೆ. ಸತ್ತವರ ಮೈ, ಒಣಗಿದ ಬೇರು ಎಲ್ಲವನ್ನೂ ತಿಂದು ಕೆಲವೇ ದಿನಗಳಲ್ಲಿ ಮಣ್ಣಿಗೆ ಸಾರಜನಕ ಬಿಡುತ್ತವೆ. ಆಗ ಹೊಲದಲ್ಲಿ ಬೇರು ಇದ್ದರೆ ಅದು ಬೆಳೆಗೆ. ಇಲ್ಲದಿದ್ದರೆ ಅದರಲ್ಲೊಂದು ಪಾಲು ಮುಂದಿನ ಮಳೆಯ ನೀರಿನ ಜೊತೆ ಹೋಯಿತು. ತಿನ್ನಲು ಹೊಸದೇನೂ ಸಿಗದಿದ್ದರೆ ಎದ್ದವರೂ ಮತ್ತೆ ಮಲಗುತ್ತಾರೆ.

ಮಸಾರಿಯಲ್ಲಿ ಇನ್ನೊಂದು ಕಷ್ಟ ಇದೆ. ಬಿರುಸು ಹನಿ ಬರಿ ಮಣ್ಣಿಗೆ ಬಡಿದಾಗ ಮೇಲಿನ ಹರಳು ಒಡೆದು ಸಣ್ಣ ಪುಡಿಯಾಗಿ ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಸಜ್ಜೆ ಕಾಳು ಚಿಕ್ಕದು, ಮೊಳಕೆಯ ಬಲವೂ ಚಿಕ್ಕದು. ಎಷ್ಟೋ ಸಲ ಆ ಪದರ ಒಡೆಯಲಾಗದೆ ಕೆಳಗೇ ಉಳಿದುಬಿಡುತ್ತದೆ. ಬೀಜ ಕೆಟ್ಟಿತ್ತು ಎಂದು ನಾವು ಅಂಗಡಿಯವರನ್ನು ಬೈಯುತ್ತೇವೆ.

ದಂಟು ರೊಟ್ಟಿ, ಕಾಳಿನ ಸೊಪ್ಪು ಪಲ್ಯ

ಹೊದಿಕೆ ಮೊದಲು ಮಾಡುವ ಕೆಲಸ ನೆರಳು ಕೊಡುವುದು. ಕೆಳಗಿನ ಮಣ್ಣು ತಂಪಾಗಿರುತ್ತದೆ, ಹಸಿ ಕೆಲವು ದಿನ ಜಾಸ್ತಿ ಉಳಿಯುತ್ತದೆ. ಹನಿಯ ಪೆಟ್ಟು ದಂಟಿನ ಮೇಲೆ ಬೀಳುತ್ತದೆ. ಎರಡು ಮಳೆಗಳ ನಡುವೆ ಹದಿನೈದು ದಿನ ಬಿಡುವು ಬಿದ್ದಾಗ ಈ ಕೆಲವು ದಿನಗಳೇ ದೊಡ್ಡವು. ಜೀವಿಗಳು ಕೆಲಸ ಮಾಡುವುದು ತೇವ ಇರುವಷ್ಟು ದಿನ ಮಾತ್ರ.

ಎರಡನೆಯ ಕೆಲಸ ಊಟ ಹಾಕುವುದು. ಇಲ್ಲಿ ಸ್ವಲ್ಪ ಗಮನ ಬೇಕು. ಮಣ್ಣಿನ ಜೀವಿಗಳ ಊಟದಲ್ಲಿ ಇಂಗಾಲ ರೊಟ್ಟಿ ಇದ್ದ ಹಾಗೆ, ಕಸುವು ಕೊಡುತ್ತದೆ. ಸಾರಜನಕ ಕಾಳು ಪಲ್ಯ ಇದ್ದ ಹಾಗೆ, ಮೈ ಕಟ್ಟುತ್ತದೆ. ಅವುಗಳಿಗೆ ಹೊಂದುವ ಅಳತೆ ಸುಮಾರು 25 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ. ಸಜ್ಜೆ, ಜೋಳದ ಒಣ ದಂಟಿನಲ್ಲಿ 1 ಪಾಲು ಸಾರಜನಕಕ್ಕೆ 50ರಿಂದ 80 ಪಾಲು ಇಂಗಾಲ ಇರುತ್ತದೆ. ಅಂದರೆ ಹೆಚ್ಚುಕಡಿಮೆ ಬರೀ ರೊಟ್ಟಿ. ಹಸಿ ಅಲಸಂದಿ ಸೊಪ್ಪು, ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ಗ್ಲಿರಿಸಿಡಿಯಾ ಮರದ ಸೊಪ್ಪಿನಲ್ಲಿ 20ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಅದು ಪಲ್ಯ.

ಬರೀ ರೊಟ್ಟಿ ಬಡಿಸಿದರೆ ಏನಾಗುತ್ತದೆ? ಪಲ್ಯಕ್ಕಾಗಿ ಜೀವಿಗಳು ಮಣ್ಣಿನಲ್ಲಿ ಮೊದಲೇ ಇದ್ದ ಸಾರಜನಕಕ್ಕೆ ಕೈ ಹಾಕುತ್ತವೆ. ಬೆಳೆಗೆ ಕೆಲವು ವಾರ ಕೊರತೆಯಾಗಿ ಎಲೆ ಹಳದಿಯಾಗುತ್ತದೆ. ಒಣ ದಂಟನ್ನು ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸಿ, ಕೂಡಲೇ ಬಿತ್ತಿದವರು ಇದನ್ನು ಕಂಡಿರುತ್ತಾರೆ. ದಂಟನ್ನು ಮಣ್ಣಿನೊಳಗೆ ಬೆರೆಸದೆ ಮೇಲೆಯೇ ಹಾಸಿದರೆ ಈ ತೊಂದರೆ ಬಹಳ ಕಡಿಮೆ. ಆಗ ನೆಲಕ್ಕೆ ತಾಗಿದ ಪದರ ಮಾತ್ರ ನಿಧಾನವಾಗಿ ಕೊಳೆಯುತ್ತದೆ. ದಂಟಿನ ಜೊತೆ ಕಾಳಿನ ಬೆಳೆಯ ಎಲೆಯೂ ಬಿದ್ದರೆ ಊಟ ಇನ್ನೂ ಸರಿಹೋಗುತ್ತದೆ.

ಇನ್ನೊಂದು ವಿಷಯ. ಗಟ್ಟಿ ನಾರಿನ ದಂಟನ್ನು ಒಡೆಯುವುದರಲ್ಲಿ ಶಿಲೀಂಧ್ರಗಳು ಗಟ್ಟಿಗರು. ನೆಲ ಕದಡದೆ ಮೇಲೆ ದಂಟು ಬಿದ್ದಿದ್ದರೆ ಅವುಗಳ ಎಳೆ ಹಬ್ಬಲು ಅವಕಾಶ ಸಿಗುತ್ತದೆ. ಪದೇ ಪದೇ ಉತ್ತರೆ ಆ ಎಳೆಗಳು ಹರಿದು ಹೋಗುತ್ತವೆ.

ಅಕ್ಕಡಿ ಸಾಲಿನ ಕೆಳಗೆ

ಹೊದಿಕೆ ಕೊಡುವುದು ಸತ್ತ ಊಟ. ಬದುಕಿರುವ ಬೇರು ಕೊಡುವ ಊಟವೇ ಬೇರೆ. ಗಿಡ ಬಿಸಿಲಲ್ಲಿ ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಬೇರಿನ ತುದಿಯಿಂದ ಮಣ್ಣಿಗೆ ಬಿಡುತ್ತದೆ. ಅದಕ್ಕೇ ಬೇರಿನ ಸುತ್ತಲಿನ ಕೆಲವು ಮಿಲಿಮೀಟರ್ ಮಣ್ಣಿನಲ್ಲಿ ಜೀವಿಗಳ ಸಂತೆ ನೆರೆದಿರುತ್ತದೆ. ಬೇರು ಸತ್ತ ದಿನ ಸಂತೆ ಕರಗುತ್ತದೆ.

ಸಜ್ಜೆ 75–90 ದಿನದ ಬೆಳೆ. ಮಿರಗದ (ಮೃಗಶಿರಾ ಮಳೆಯ) ಹಿಂದೆಮುಂದೆ ಬಿತ್ತಿದರೆ ಸೆಪ್ಟೆಂಬರ್ ಹೊತ್ತಿಗೆ ತೆನೆ ಕೊಯ್ದಾಯಿತು, ಸಂತೆಯೂ ಮುಗಿಯಿತು. ತೊಗರಿಯದು ಐದಾರು ತಿಂಗಳ ಬಾಳು. ಮೊದಲ ಒಂದೂವರೆ ತಿಂಗಳು ಅದು ಸುಮ್ನೆ ಇರುವಂತೆ ಕಾಣುತ್ತದೆ, ಬೇರನ್ನು ಮಾತ್ರ ಕೆಳಕ್ಕೆ ಇಳಿಸುತ್ತಿರುತ್ತದೆ. ಸಜ್ಜೆ ಹೋದ ಮೇಲೆ ಹರಡಿ ನಿಲ್ಲುತ್ತದೆ. ಎರಡು ಸಾಲು ಸಜ್ಜೆಗೆ ಒಂದು ಸಾಲು ತೊಗರಿ ಹಾಕಿದ ಹೊಲದಲ್ಲಿ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗಲೂ ನೆಲದೊಳಗೆ ಬೇರು ಬದುಕಿರುತ್ತದೆ. ಬರೀ ಸಜ್ಜೆ ಹಾಕಿದ ಪಕ್ಕದ ಹೊಲ ಆಗಲೇ ಮೂರು ತಿಂಗಳಿಂದ ಉಪವಾಸ ಇರುತ್ತದೆ.

ತೊಗರಿ, ಅಲಸಂದಿ, ಮಡಿಕೆ, ಹೆಸರು ಇವುಗಳ ಬೇರಿನಲ್ಲಿ ಗಂಟುಗಳಿರುತ್ತವೆ. ಒಳಗೆ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡುತ್ತವೆ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ತೊಗರಿ ಬೆಳೆಯುತ್ತಲೇ ಪಕ್ಕದ ಸಜ್ಜೆಗೆ ಯೂರಿಯಾ ಬಡಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬೆಳೆ ನಿಂತಿರುವಾಗ ಪಕ್ಕದವರಿಗೆ ಸೇರುವುದು ಸ್ವಲ್ಪವೇ. ಕಾಳಿನ ಬೆಳೆ ತನ್ನ ಪಾಲಿನದನ್ನು ಗಾಳಿಯಿಂದ ತಂದುಕೊಳ್ಳುವುದರಿಂದ ಮಣ್ಣಿನಲ್ಲಿದ್ದದ್ದು ಸಜ್ಜೆಗೆ ಉಳಿಯುತ್ತದೆ, ಅದು ಈ ವರ್ಷದ ಲಾಭ. ಗಂಟು, ಬೇರು, ಉದುರಿದ ಎಲೆ ಕೊಳೆತ ಮೇಲೆ ಸಿಗುವುದು ಮುಂದಿನ ಬೆಳೆಗೆ. ಹಾಗಾಗಿ ಮೊದಲ ವರ್ಷವೇ ಗೊಬ್ಬರ ನಿಲ್ಲಿಸಿ ನಿರಾಶರಾಗಬೇಡಿ.

ರಂಜಕದ ವಿಷಯ ನನಗೆ ಇನ್ನೂ ಬೆರಗು ತರುತ್ತದೆ. ಮಸಾರಿ ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. ಆ ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಡಿಎಪಿ ಗೊಬ್ಬರ ಹಾಕಿದರೂ ಒಂದು ಪಾಲು ಹೀಗೆ ಸಿಕ್ಕಿಬೀಳುತ್ತದೆ. ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬ ರಸ ಬಿಟ್ಟು ಆ ಹಿಡಿತ ಸಡಿಲಿಸುತ್ತದೆ ಎಂದು ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ತೋರಿಸಿಕೊಟ್ಟರು. ಜೋಳದ ಬೇರಿಗೆ ಎಟುಕದ ರಂಜಕ ತೊಗರಿಗೆ ಎಟುಕುತ್ತದೆ. ಎಲೆ ಉದುರಿ ಕೊಳೆತಾಗ ಅದು ಮಣ್ಣಿನ ಜೀವಿಗಳ ಮೂಲಕ ಮುಂದಿನ ಬೆಳೆಗೂ ಸಿಗುತ್ತದೆ.

ಮೈಕೊರೈಜಾ ಎಂಬ ಶಿಲೀಂಧ್ರದ ಹೆಸರನ್ನೂ ಕೇಳಿರುತ್ತೀರಿ. ಇದು ಬೇರಿನೊಳಗೆ ಅರ್ಧ, ಹೊರಗೆ ಅರ್ಧ ಬಾಳುತ್ತದೆ. ಗಿಡದಿಂದ ಸಕ್ಕರೆ ಪಡೆದು, ಬೇರು ನುಗ್ಗಲಾಗದ ಸಂದಿಗಳಿಂದ ರಂಜಕ, ಸತು ತಂದುಕೊಡುತ್ತದೆ. ಸಜ್ಜೆಗೂ ತೊಗರಿಗೂ ಇದು ನೆಂಟ. ಒಂದೇ ಬಲೆ ಎರಡೂ ಬೇರಿಗೆ ಅಂಟಿಕೊಳ್ಳಬಹುದು. ಸಜ್ಜೆ ಕೊಯ್ದ ಮೇಲೂ ತೊಗರಿ ಬೇರಿನ ಮೇಲೆ ಆ ಬಲೆ ಬದುಕಿ ಉಳಿಯುತ್ತದೆ. ಆಳದ ತೊಗರಿ ಬೇರು ರಾತ್ರಿ ಮೇಲೆ ಎಳೆದು ತಂದ ನೀರು ಈ ಬಲೆಯ ನೆರವಿನಿಂದ ಪಕ್ಕದ ರಾಗಿಗೂ ಸಿಗುವುದು ಪಾತ್ರೆಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಕಂಡಿದೆ. ಹೊಲದಲ್ಲಿ ಮಾತ್ರ ಸಾಲುಗಳು ತೀರಾ ಒತ್ತಾದರೆ ಎರಡು ಬೆಳೆಗಳು ನೀರಿಗಾಗಿ ಕಿತ್ತಾಡುವುದೂ ಇದೆ. ಸಾಲಿನ ಅಂತರ ಮುಖ್ಯ ಎನ್ನುವುದು ಅದಕ್ಕೇ.

ಎರಡು ಲೋಟ ನೀರು

ಕುಷ್ಟಗಿ ಕಡೆ ನನ್ನ ಸೋದರಮಾವನ ಹೊಲ ಇದೆ, ಮಸಾರಿ ನೆಲ. ಒಂದು ಭಾಗದಲ್ಲಿ ಸಜ್ಜೆ–ತೊಗರಿ ಹಾಕಿ, ತೊಗರಿ ಎಲೆ ಉದುರಿದ್ದನ್ನು ಕೆಲವು ವರ್ಷಗಳಿಂದ ಹಾಗೇ ಬಿಟ್ಟಿದ್ದಾರೆ. ಬಂಡಿ ದಾರಿ ಪಕ್ಕದ ಪಟ್ಟಿಯಲ್ಲಿ ಬರೀ ಸಜ್ಜೆ. ಎರಡೂ ಕಡೆಯಿಂದ ಹುಣಸೆ ಬೀಜದಷ್ಟು ದೊಡ್ಡ ಹೆಂಟೆ ಆರಿಸಿ, ನೆರಳಲ್ಲಿ ಎರಡು ದಿನ ಒಣಗಿಸಿ, ಎರಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಟ್ಟೆವು.

ಬಂಡಿ ದಾರಿ ಪಕ್ಕದ ಹೆಂಟೆಯಿಂದ ಗುಳ್ಳೆ ಎದ್ದವು. ಅಂಚು ಉದುರಲು ಶುರುವಾಯಿತು. ಒಂದು ನಿಮಿಷ ಆಗುವಷ್ಟರಲ್ಲಿ ಹೆಂಟೆ ಇಲ್ಲ, ತಳದಲ್ಲಿ ಕೆಸರು, ಮೇಲೆ ಕೆಂಪು ನೀರು. ತೊಗರಿ ಸಾಲಿನ ಹೆಂಟೆ ಕುಳಿತಲ್ಲೇ ಕುಳಿತಿತ್ತು. ನೀರು ತಿಳಿಯಾಗಿಯೇ ಇತ್ತು. ಚಹಾ ಕುಡಿದು ಬಂದು ನೋಡಿದಾಗ ಅದರ ಒಂದು ಮೂಲೆ ಮಾತ್ರ ಜರಿದಿತ್ತು. ಅದರೊಳಗೆ ಕೂದಲಿನಂಥ ಒಂದು ಬೇರು ಕಾಣುತ್ತಿತ್ತು.

ನೀರು ಒಳಗೆ ನುಗ್ಗಿದಾಗ ಹೆಂಟೆಯಲ್ಲಿ ಸಿಕ್ಕಿಕೊಂಡ ಗಾಳಿ ಒತ್ತಿಕೊಂಡು ಹೊರಬರುತ್ತದೆ. ಕಣಗಳನ್ನು ಹಿಡಿದಿಡುವ ಅಂಟು ಇಲ್ಲದಿದ್ದರೆ ಹೆಂಟೆ ಸಿಡಿದು ಹೋಗುತ್ತದೆ. ಆ ಅಂಟನ್ನು ಮಾಡುವುದು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಶಿಲೀಂಧ್ರದ ಎಳೆಗಳು, ಸಣ್ಣ ಬೇರುಗಳು ದಾರದಂತೆ ಸುತ್ತಿ ಹೊಲಿಯುತ್ತವೆ. ಲೋಟದಲ್ಲಿ ಆದದ್ದೇ ಹೊಲದಲ್ಲೂ ಆಗುತ್ತದೆ. ಅಂಟು ಇರುವ ಮಣ್ಣು ಮಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಇಲ್ಲದ ಮಣ್ಣು ಕರಗಿ ಹಪ್ಪಳ ಕಟ್ಟಿ ನೀರನ್ನು ಹಳ್ಳಕ್ಕೆ ಕಳಿಸುತ್ತದೆ.

ಮಾವ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೇಳಿದರು: "ಅಲ್ಲಪಾ, ದಂಟೆಲ್ಲ ಹೊಲಕ್ಕ ಹಾಕಿದ್ರ ದನಕ್ಕೇನ್ ಹಾಕೂದು?"

ದನಕ್ಕೇನು ಹಾಕುವುದು?

ಈ ಪ್ರಶ್ನೆಗೆ ಉತ್ತರ ಕೊಡದ ಮಲ್ಚಿಂಗ್ ಸಲಹೆ ನಮ್ಮ ಕಡೆ ನಡೆಯುವುದಿಲ್ಲ. ದಂಟು ಹೊದಿಕೆಗೆ ಸಾಮಾನ್ಯವಾಗಿ ಹೇಳುವ ಅಳತೆ ಹೆಕ್ಟೇರಿಗೆ ಸುಮಾರು 5 ಟನ್. ಅಂದರೆ ಎಕರೆಗೆ 2 ಟನ್, ಒಂದು ಚದರ ಮೀಟರಿಗೆ ಅರ್ಧ ಕಿಲೊ. ಬೇಸಿಗೆಯಲ್ಲಿ ಬಣವೆಯೇ ಆಸ್ತಿಯಾದ ಮನೆಯಲ್ಲಿ ಎರಡು ಟನ್ ದಂಟನ್ನು ನೆಲಕ್ಕೆ ಹಾಸಿ ಎನ್ನುವುದು ಹೇಗೆ?

ಅದಕ್ಕೇ ನನ್ನ ಮಟ್ಟಿಗೆ ಒಣ ಬೇಸಾಯದ ಹೊಲದಲ್ಲಿ ಹೊದಿಕೆ ಬರಬೇಕಾದ್ದು ಅಕ್ಕಡಿ ಸಾಲಿನಿಂದಲೇ. ದಂಟು ದನಕ್ಕೆ ಹೋಗಲಿ. ಮಡಿಕೆ, ಅಲಸಂದಿ ನೆಲದ ಮೇಲೆ ಹಬ್ಬುವ ಬೆಳೆಗಳು. ಸಜ್ಜೆ ಸಾಲುಗಳ ನಡುವಿನ ಒಂದೂವರೆ ಅಡಿ ಬರಿ ಜಾಗವನ್ನು ಹಬ್ಬಿದಂತೆಲ್ಲ ಮುಚ್ಚುತ್ತವೆ. ನೆರಳು ಸಿಕ್ಕಿತು, ಹನಿಯ ಪೆಟ್ಟು ತಪ್ಪಿತು, ಬೇರೂ ಬದುಕಿದೆ. ಕಾಳು ಬಿಡಿಸಿದ ಮೇಲೆ ಬಳ್ಳಿಯಲ್ಲಿ ಅರ್ಧ ಹೊಲದಲ್ಲೇ ಬಿದ್ದಿರಲಿ. ತೊಗರಿ ಎಲೆಯಂತೂ ತಾನೇ ಉದುರುತ್ತದೆ, ಅದನ್ನು ಗುಡಿಸದಿದ್ದರೆ ಸಾಕು.

ಸಜ್ಜೆಯ ಕೂಳೆ, ಅಂದರೆ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಬುಡ, ಇನ್ನೊಂದು ಮೂಲ. ಆರಿಸಿ, ಬದುವಿನ ಮೇಲೆ ರಾಶಿ ಹಾಕಿ ಬೆಂಕಿ ಇಡುವ ರೂಢಿ ಇದೆ. ಸ್ವಲ್ಪ ಎತ್ತರಕ್ಕೆ ಕೊಯ್ದು ಕೂಳೆಯನ್ನು ಹಾಗೇ ಬಿಟ್ಟರೆ ಉದುರಿದ ಎಲೆ ಗಾಳಿಗೆ ಹಾರದಂತೆ ಅದೇ ತಡೆಯುತ್ತದೆ. ಬದುವಿನ ಮೇಲೆ ಗ್ಲಿರಿಸಿಡಿಯಾ ಹಾಕಿದವರು ವರ್ಷಕ್ಕೆ ಎರಡು ಮೂರು ಸಲ ಸವರಿ ಸೊಪ್ಪು ಹಾಸಬಹುದು. ಬೀಜ ಕಟ್ಟುವ ಮೊದಲು ಕಿತ್ತ ಕಸ, ದನ ತಿನ್ನದ ಸೂರ್ಯಕಾಂತಿ ದಂಟು ಕೂಡ ಆಗುತ್ತದೆ. ಇನ್ನೊಂದು ಕಡೆ, ತುಂಗಭದ್ರಾ ಕಾಲುವೆ ಕೆಳಗೆ ಯಂತ್ರದಿಂದ ಭತ್ತ ಕೊಯ್ದ ಮೇಲೆ ಉಳಿದ ಹುಲ್ಲಿಗೆ ಬೆಂಕಿ ಬೀಳುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಹತ್ತಿರದವರು ಒಂದು ಟ್ರ್ಯಾಕ್ಟರ್ ಹುಲ್ಲು ತಂದುಕೊಂಡರೂ ಲಾಭವೇ.

ಎಲ್ಲಿ ಎಡವಬಹುದು

ದಂಟು ಹಾಸಿದ ಹೊಲದಲ್ಲಿ ಎಡೆ ಕುಂಟೆ ಓಡುವುದಿಲ್ಲ, ಕಸ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಒಂದೆರಡು ಎಡೆ ಮುಗಿದು, ಬೆಳೆ ಸುಮಾರು ಒಂದು ತಿಂಗಳದ್ದಾದ ಮೇಲೆ ಹಾಸುವುದು ಒಳ್ಳೆಯದು. ಗಿಡದ ಬುಡಕ್ಕೆ ಒತ್ತಿ ಹಾಕಬಾರದು, ನಾಲ್ಕು ಬೆರಳು ಬಿಡಬೇಕು.

ಗೆದ್ದಲು ಬಂದೇ ಬರುತ್ತದೆ. ಅದಕ್ಕೆ ಇಷ್ಟ ಒಣಗಿದ ವಸ್ತು, ಹಸಿ ಗಿಡ ಅಲ್ಲ. ಹೊಲದಲ್ಲಿ ತಿನ್ನಲು ಒಣ ಕಸ ಇಲ್ಲದಾಗ, ಬೆಳೆ ಬಾಡಿದಾಗ ಬುಡಕ್ಕೆ ಕೈ ಹಾಕುವುದು ಜಾಸ್ತಿ. ಹಾಗಂತ ನಿಗಾ ಬಿಡುವಂತಿಲ್ಲ.

ಎರೆ ಹೊಲದ ಗುಣವೇ ಬೇರೆ. ಅದು ನೀರು ಹಿಡಿದಿಡುತ್ತದೆ. ಜಡಿಮಳೆಯಲ್ಲಿ ದಪ್ಪ ಹೊದಿಕೆ ಇದ್ದರೆ ಬೇರಿಗೆ ಗಾಳಿ ಸಿಗದೆ ಬೆಳೆ ಹಳದಿಯಾಗಬಹುದು. ಅಲ್ಲಿ ಹೊದಿಕೆ ಕೆಲಸಕ್ಕೆ ಬರುವುದು ಮಳೆ ನಿಂತ ಮೇಲೆ, ಹಿಂಗಾರಿ ಜೋಳ, ಕಡಲೆಯಲ್ಲಿ.

ಕಾಲದ ಲೆಕ್ಕವೂ ಗೊತ್ತಿರಲಿ. ಜೀವಿಗಳ ಚಟುವಟಿಕೆ ಒಂದೇ ಹಂಗಾಮಿನಲ್ಲಿ ಏರುತ್ತದೆ. ಮಣ್ಣಿನ ಸಾವಯವ ಇಂಗಾಲ ಏರಲು ವರ್ಷಗಳು ಬೇಕು, ನಮ್ಮ ಬಿಸಿಲಿಗೆ ಅದು ಬೇಗ ಸುಟ್ಟುಹೋಗುತ್ತದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ನಿಮ್ಮಲ್ಲಿದ್ದರೆ ಸಾವಯವ ಇಂಗಾಲದ ಸಾಲು ನೋಡಿ. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, ಶೇ 0.75ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ. ಒಂದೇ ವರ್ಷದಲ್ಲಿ ಆ ಅಂಕಿ ಜಿಗಿಯದಿದ್ದರೆ ಕೈಬಿಡಬೇಡಿ.

ನಿಮ್ಮ ಹೊಲದಲ್ಲೇ ನೋಡುವ ಬಗೆ

ಬಿತ್ತಿ 40–45 ದಿನವಾದಾಗ ಒಂದು ಅಲಸಂದಿ ಗಿಡವನ್ನು ಎಳೆಯದೆ, ಸುತ್ತ ಅಗೆದು ಮಣ್ಣಿನ ಸಮೇತ ಎತ್ತಿ ನೀರಿನಲ್ಲಿ ಅದ್ದಿ. ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ರೈಜೋಬಿಯಂ ದುಡಿಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಹಗರಿ ಮತ್ತು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಎಲ್ಲ ಕಾಳಿನ ಬೆಳೆಗೂ ಒಂದೇ ಬಗೆಯ ರೈಜೋಬಿಯಂ ಹೊಂದುವುದಿಲ್ಲ, ಪೊಟ್ಟಣದ ಮೇಲೆ ಬೆಳೆಯ ಹೆಸರು ನೋಡಿಕೊಳ್ಳಿ.

ಇನ್ನೊಂದಕ್ಕೆ ಹಳೇ ಪಂಚೆ ಸಾಕು. ಪೂರ್ತಿ ಹತ್ತಿಯದ್ದೇ ಆಗಿರಬೇಕು, ಪಾಲಿಸ್ಟರ್ ಬೆರೆತದ್ದು ಬೇಡ. ಅಂಗೈ ಅಗಲದ ಎರಡು ತುಂಡು ಕತ್ತರಿಸಿ. ಒಂದನ್ನು ಅಕ್ಕಡಿ ಸಾಲಿನ ಹೊದಿಕೆ ಕೆಳಗೆ, ಇನ್ನೊಂದನ್ನು ಬರಿ ನೆಲದಲ್ಲಿ, ಎರಡನ್ನೂ ನಾಲ್ಕು ಬೆರಳು ಆಳಕ್ಕೆ ಹೂತು ಗೂಟ ನೆಡಿ. ಹತ್ತಿ ಎಂದರೆ ಹೆಚ್ಚುಕಡಿಮೆ ಬರೀ ಇಂಗಾಲದ ಊಟ. ಜೀವಿಗಳು ಎಷ್ಟಿವೆಯೋ ಅಷ್ಟು ಬೇಗ ಖಾಲಿಯಾಗುತ್ತದೆ. ಎರಡು ತಿಂಗಳಿಗೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ತೆಗೆಯುವಾಗ ಸಲಿಕೆ ಹಾಕಬೇಡಿ, ಕೈಯಿಂದಲೇ ಮಣ್ಣು ಸರಿಸಿ. ಇಲ್ಲದಿದ್ದರೆ ಹರಿದದ್ದು ಸಲಿಕೆಯಿಂದಲೋ ಹುಳುಗಳಿಂದಲೋ ಗೊತ್ತಾಗುವುದಿಲ್ಲ.